ಮಾರಿಟ್ ಬ್ಯೋರ್ಗೆನ್: ಪದಕಗಳ ಪಟ್ಟಿಯಲ್ಲಿ ಕಾಣದ ಆ ನಾಲ್ಕು ಚಳಿಗಾಲಗಳು

ದೂರದಾರಿ:

ಚಳಿಗಾಲದ ಒಲಿಂಪಿಕ್ಸ್ ಕುರಿತು ಕನ್ನಡದಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಪದಕಗಳ ಎಣಿಕೆಯಲ್ಲೇ ಮುಗಿದುಹೋಗುತ್ತವೆ. ನಾರ್ವೆಯ ಕ್ರಾಸ್ ಕಂಟ್ರಿ ಸ್ಕೀ ಆಟಗಾರ್ತಿ ಮಾರಿಟ್ ಬ್ಯೋರ್ಗೆನ್ ಅವರ ಹೆಸರು ಬಂದಾಗಲೂ ಹಾಗೆಯೇ ಆಗುತ್ತದೆ. ಒಲಿಂಪಿಕ್ಸ್‌ನಲ್ಲಿ 8 ಚಿನ್ನ, 4 ಬೆಳ್ಳಿ, 3 ಕಂಚು ಸೇರಿ 15 ಪದಕ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 18 ಚಿನ್ನ ಸೇರಿ 26 ಪದಕ. ಪ್ರತಿ ಋತುವಿನುದ್ದಕ್ಕೂ ಸರಣಿಯಾಗಿ ನಡೆಯುವ ವಿಶ್ವಕಪ್ ಓಟಗಳಲ್ಲಿ 114 ಗೆಲುವು, ನಾಲ್ಕು ಬಾರಿ ಸಮಗ್ರ ಪ್ರಶಸ್ತಿ. 2018ರಲ್ಲಿ ಅವರು ನಿವೃತ್ತರಾದಾಗ ಚಳಿಗಾಲದ ಒಲಿಂಪಿಕ್ಸ್‌ನ ಇತಿಹಾಸದಲ್ಲಿ ಅವರಷ್ಟು ಪದಕ ಗೆದ್ದ ಗಂಡಸಾಗಲಿ ಹೆಂಗಸಾಗಲಿ ಇರಲಿಲ್ಲ.

ಈ ಅಂಕಿಗಳನ್ನು ವರ್ಷವಾರು ಬಿಡಿಸಿ ನೋಡಿದರೆ ಮಾತ್ರ ಬೇರೆಯದೇ ಒಂದು ಕಥೆ ಹೊರಬರುತ್ತದೆ. ಎರಡೂ ಕೂಟಗಳನ್ನು ಸೇರಿಸಿದರೆ ಅವರದು 26 ಚಿನ್ನ. ಅವುಗಳಲ್ಲಿ 2010ರ ಚಳಿಗಾಲಕ್ಕೆ ಮೊದಲು ಬಂದವು ನಾಲ್ಕೇ ನಾಲ್ಕು: 2003ರಲ್ಲಿ ಇಟಲಿಯ ವಾಲ್ ದಿ ಫಿಯೆಮ್ಮೆಯಲ್ಲಿ ಸ್ಪ್ರಿಂಟ್‌ನಲ್ಲಿ ಒಂದು, 2005ರಲ್ಲಿ ಜರ್ಮನಿಯ ಒಬರ್ಸ್ಟ್‌ಡೋರ್ಫ್‌ನಲ್ಲಿ ಮೂರು. ಆಮೇಲೆ 2006ರ ತುರಿನ್ ಒಲಿಂಪಿಕ್ಸ್‌ನಲ್ಲಿ ಒಂದು ಬೆಳ್ಳಿ, 2007ರ ಸಪ್ಪೊರೊದಲ್ಲಿ ತಂಡದ ಸ್ಪರ್ಧೆಗಳಲ್ಲಿ ಎರಡು ಕಂಚು, 2009ರ ಲಿಬೆರೆಟ್ಸ್‌ನಲ್ಲಿ ಏನೂ ಇಲ್ಲ. ಇಪ್ಪತ್ತೈದನೆಯ ವಯಸ್ಸಿಗೇ ವಿಶ್ವಕಪ್ ಗೆದ್ದವರೊಬ್ಬರು, ಸಾಮಾನ್ಯವಾಗಿ ಒಬ್ಬ ಆಟಗಾರ್ತಿಯ ಶಕ್ತಿ ತುತ್ತತುದಿಯಲ್ಲಿರುತ್ತದೆ ಎಂದು ನಾವು ಭಾವಿಸುವ ವಯಸ್ಸಿನಲ್ಲೇ, ಮೂರು ದೊಡ್ಡ ಕೂಟಗಳಿಂದ ಒಂದೂ ಚಿನ್ನವಿಲ್ಲದೆ ಹಿಂದಿರುಗಿದರು. ಉಳಿದ 22 ಚಿನ್ನಗಳೂ ಅದರ ನಂತರ, 29ರಿಂದ 37 ವರ್ಷದವರೆಗಿನ ಅವಧಿಯಲ್ಲಿ ಬಂದವು.

ಬ್ಯೋರ್ಗೆನ್ ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗೆದ್ದ ವರ್ಷಗಳಿಗಿಂತ ಆ ನಾಲ್ಕು ಚಳಿಗಾಲಗಳಲ್ಲಿ ಏನು ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಲಾಯಿತು ಎಂಬುದನ್ನು ನೋಡಬೇಕು ಎನ್ನುವುದು ನನ್ನ ವಾದ. ಒಪ್ಪದವರು ಕಾರಣ ಸಹಿತ ಬರೆಯಬೇಕೆಂದು ಕೋರುತ್ತೇನೆ.

ಕೂತು ನೋಡುವವ:

ವಾದಕ್ಕೆ ಇಳಿಯುವ ಮೊದಲು ಒಂದು ಸಂದೇಹವಿದೆ, ದೂರದಾರಿಯವರೇ. ಸ್ಕೀಯಿಂಗ್ ಎಂದರೆ ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಜಾರುವ ಆಟ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ, ನಾನೂ ಟಿ.ವಿ.ಯಲ್ಲಿ ಹೆಚ್ಚಾಗಿ ನೋಡಿರುವುದು ಅದನ್ನೇ. ಈ ಕ್ರಾಸ್ ಕಂಟ್ರಿಯಲ್ಲಿ ಒಬ್ಬರೇ ಸ್ಪ್ರಿಂಟನ್ನೂ 30 ಕಿಲೋಮೀಟರನ್ನೂ ಗೆಲ್ಲುವುದು ಅಷ್ಟು ದೊಡ್ಡ ಸಂಗತಿಯೇ?

ಹಿಮದ ಹಾದಿ:

ಟ್ರೋಂಡ್‌ಹೈಮ್‌ನಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ನಾನು ಇದಕ್ಕೆ ಉತ್ತರಿಸಲು ಯತ್ನಿಸುತ್ತೇನೆ. ಕ್ರಾಸ್ ಕಂಟ್ರಿಯಲ್ಲಿ ಏರು, ಇಳಿಜಾರು, ಸಮತಟ್ಟು ಮೂರೂ ಇರುತ್ತವೆ, ಮತ್ತು ಓಟದ ಅಳಿವು ಉಳಿವು ನಿರ್ಧಾರವಾಗುವುದು ಏರಿನಲ್ಲಿ. ಸ್ಕೀ ಹಗುರ ಮತ್ತು ಸಪೂರ. ಬೂಟಿನ ಮುಂತುದಿ ಮಾತ್ರ ಸ್ಕೀಗೆ ಸಿಕ್ಕಿಕೊಂಡಿದ್ದು ಹಿಮ್ಮಡಿ ಬಿಡುವಾಗಿರುತ್ತದೆ. ಎರಡು ಶೈಲಿಗಳಿವೆ. ಕ್ಲಾಸಿಕ್ ಶೈಲಿಯಲ್ಲಿ ಹಿಮದಲ್ಲಿ ಯಂತ್ರದಿಂದ ಕೊರೆದ ಜೋಡಿ ಗೀರುಗಳೊಳಗೆ ಎರಡೂ ಸ್ಕೀಗಳನ್ನು ನೇರವಾಗಿಟ್ಟು ಒದ್ದು ಮುಂದಕ್ಕೆ ಸರಿಯಬೇಕು. ಫ್ರೀ ಶೈಲಿ 1980ರ ದಶಕದಲ್ಲಿ ಬಳಕೆಗೆ ಬಂದದ್ದು. ಅದರಲ್ಲಿ ಐಸ್ ಸ್ಕೇಟಿಂಗ್ ಮಾಡುವವರಂತೆ ಸ್ಕೀಗಳನ್ನು ಓರೆಯಾಗಿ ಹೊರಕ್ಕೆ ತಳ್ಳುತ್ತ ಹೋಗುತ್ತಾರೆ. ಕ್ಲಾಸಿಕ್‌ಗೆ ಸ್ಕೀಯ ಅಡಿಯ ನಡುಭಾಗಕ್ಕೆ ಹಿಡಿತದ ವ್ಯಾಕ್ಸ್ (ಮೇಣ) ಬೇಕು, ಇಲ್ಲದಿದ್ದರೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತದೆ. ಆದರೆ ಅದೇ ವ್ಯಾಕ್ಸ್ ಹೆಚ್ಚಾದರೆ ಇಳಿಜಾರಿನಲ್ಲಿ ವೇಗ ಕುಗ್ಗುತ್ತದೆ.

ಸ್ಪ್ರಿಂಟ್ ಎಂದರೆ ಮೂರು ನಿಮಿಷದ ಆಸುಪಾಸಿನ ಓಟ. ಆದರೆ ಅರ್ಹತಾ ಸುತ್ತು, ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಎಂದು ಅದನ್ನು ಒಂದೇ ದಿನ ನಾಲ್ಕು ಬಾರಿ ಓಡಬೇಕು. 30 ಕಿಲೋಮೀಟರ್ ಓಟಕ್ಕೆ ಒಂದು ಗಂಟೆಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಟ್ರ್ಯಾಕ್ ಓಟದಲ್ಲಿ 800 ಮೀಟರನ್ನೂ 30 ಕಿಲೋಮೀಟರ್ ರಸ್ತೆ ಓಟವನ್ನೂ ಒಂದೇ ವಾರದಲ್ಲಿ ಗೆಲ್ಲುವವರನ್ನು ಊಹಿಸಿಕೊಳ್ಳಿ. ಬ್ಯೋರ್ಗೆನ್ 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪ್ರಿಂಟ್, ಸ್ಕಿಯಾಥ್ಲಾನ್, ರಿಲೇ ಮತ್ತು 30 ಕಿಲೋಮೀಟರ್ ಈ ನಾಲ್ಕರಲ್ಲೂ ಚಿನ್ನ ಗೆದ್ದರು. ಸ್ಕಿಯಾಥ್ಲಾನ್‌ನಲ್ಲಿ ಅರ್ಧ ದೂರ ಕ್ಲಾಸಿಕ್, ಇನ್ನರ್ಧ ಫ್ರೀ. ನಡುವೆ ಸ್ಕೀಗಳನ್ನು ಬದಲಾಯಿಸಿಕೊಳ್ಳಬೇಕು.

ಅವರ ಊರಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. 1980ರ ಮಾರ್ಚ್ 21ರಂದು ಅವರು ಹುಟ್ಟಿದ್ದು ಟ್ರೋಂಡ್‌ಹೈಮ್‌ನಲ್ಲಿ, ಬೆಳೆದದ್ದು ಇಲ್ಲಿಂದ ದಕ್ಷಿಣಕ್ಕೆ ಗಾವುಲಾ ನದಿಯ ಕಣಿವೆಯಲ್ಲಿರುವ ರೋಗ್ನೆಸ್ ಎಂಬ ಸಣ್ಣ ಹಳ್ಳಿಯಲ್ಲಿ. ಕೃಷಿ ಕುಟುಂಬ. ಹಳ್ಳಿಯ ಕ್ಲಬ್ಬಿನ ಹೆಸರು ರೋಗ್ನೆಸ್ ಐ.ಎಲ್.; ವಿಶ್ವಮಟ್ಟಕ್ಕೆ ಏರಿದ ಮೇಲೂ ಫಲಿತಾಂಶ ಪಟ್ಟಿಗಳಲ್ಲಿ ಅವರ ಹೆಸರಿನ ಮುಂದೆ ಇರುತ್ತಿದ್ದುದು ಅದೇ ಕ್ಲಬ್ಬು. ಇಲ್ಲಿನ ಮಕ್ಕಳ ಕ್ರೀಡಾ ನಿಯಮಗಳ ಪ್ರಕಾರ ಹನ್ನೊಂದನೆಯ ವರ್ಷಕ್ಕೆ ಮೊದಲು ಸ್ಪರ್ಧೆಗಳ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಯಾವುದನ್ನೂ ಪ್ರಕಟಿಸುವಂತಿಲ್ಲ. ಇಷ್ಟೊಂದು ಪದಕ ಗೆಲ್ಲುವ ದೇಶ ಚಿಕ್ಕ ಮಕ್ಕಳಲ್ಲಿ ಗೆದ್ದವರಾರು ಸೋತವರಾರು ಎಂದು ಬರೆದಿಡುವುದನ್ನೇ ಬೇಡವೆನ್ನುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಅಂಕಿಗಾರ:

ದೂರದಾರಿಯವರ ಲೆಕ್ಕದಲ್ಲಿ ತಪ್ಪಿಲ್ಲ; ತೀರ್ಮಾನದ ಬಗ್ಗೆ ನನಗೆ ಮೂರು ತಕರಾರುಗಳಿವೆ.

ಮೊದಲನೆಯದು, ಪದಕಗಳ ಒಟ್ಟು ಸಂಖ್ಯೆಯನ್ನು ಬೇರೆ ಕಾಲದವರ ಜೊತೆ ಹೋಲಿಸುವಾಗ ಎಚ್ಚರ ಬೇಕು. ನಾರ್ವೆಯವರೇ ಆದ ಕ್ರಾಸ್ ಕಂಟ್ರಿ ಆಟಗಾರ ಬ್ಯೋರ್ನ್ ಡ್ಯಾಲಿ 1992ರಿಂದ 1998ರವರೆಗೆ ಮೂರು ಒಲಿಂಪಿಕ್ಸ್‌ಗಳಲ್ಲಿ 8 ಚಿನ್ನ, 4 ಬೆಳ್ಳಿ ಗೆದ್ದಾಗ ಪ್ರತಿ ಕೂಟದಲ್ಲಿ ಇದ್ದದ್ದು ಐದೇ ಸ್ಪರ್ಧೆಗಳು. ಸ್ಪ್ರಿಂಟ್ 2002ರಲ್ಲಿ, ಇಬ್ಬರು ಸರದಿಯಂತೆ ಓಡುವ ತಂಡ ಸ್ಪ್ರಿಂಟ್ 2006ರಲ್ಲಿ ಸೇರಿದವು. ಡ್ಯಾಲಿಯ ಎಂಟು ಚಿನ್ನಗಳಲ್ಲಿ ಆರು ವೈಯಕ್ತಿಕ, ಬ್ಯೋರ್ಗೆನ್ ಅವರ ಎಂಟರಲ್ಲಿ ಐದು ವೈಯಕ್ತಿಕ. ಅಲ್ಲದೆ ಡ್ಯಾಲಿ ಇದನ್ನು ಮೂರು ಕೂಟಗಳಲ್ಲಿ ಸಾಧಿಸಿದರೆ ಬ್ಯೋರ್ಗೆನ್ ಅವರಿಗೆ ಐದು ಕೂಟಗಳು ಬೇಕಾದವು.

ಎರಡನೆಯದು, ನಾರ್ವೆಯ ರಿಲೇ ತಂಡದಲ್ಲಿ ಸ್ಥಾನ ಸಿಕ್ಕರೆ ಪದಕ ಬಹುತೇಕ ಖಚಿತ ಎಂಬಂಥ ಕಾಲವದು. ಅದೇ ತಂಡದ ಮತ್ತೊಬ್ಬ ಅಗ್ರ ಆಟಗಾರ್ತಿ ತೆರೇಸೆ ಯೊಹಾಗ್ ಜೊತೆಗಾರ್ತಿಯಾಗಿರುವಾಗ ಗೆಲ್ಲುವುದು ಅಷ್ಟೇನೂ ಕಷ್ಟವಲ್ಲ.

ಮೂರನೆಯದು, ಈ ಆಟದಲ್ಲಿ ಸ್ಕೀ ಸಿದ್ಧಪಡಿಸುವ ತಂತ್ರಜ್ಞರ ಪಾತ್ರ ಬಹಳ ದೊಡ್ಡದು. ಹಿಮದ ತೇವ, ಉಷ್ಣತೆ, ಹಳೆಯ ಹಿಮವೋ ಹೊಸದೋ ಎಂಬುದೆಲ್ಲವನ್ನೂ ಅಳೆದು ವ್ಯಾಕ್ಸ್ ಆರಿಸಲು ನಾರ್ವೆ ಮಾಡುವಷ್ಟು ಖರ್ಚನ್ನು ಬಡ ತಂಡಗಳು ಮಾಡಲಾರವು. ಆಟಗಾರ್ತಿಯ ಶ್ರಮವನ್ನು ತಂತ್ರಜ್ಞರ ವ್ಯಾನಿನಿಂದ ಬೇರ್ಪಡಿಸಿ ನೋಡುವುದು ಹೇಗೆ?

ದೂರದಾರಿ:

ಅಂಕಿಗಾರರೇ, ನಿಮ್ಮ ಮೊದಲ ತಕರಾರನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಒಟ್ಟು ಸಂಖ್ಯೆಯನ್ನು ಹಿಡಿದು ಯಾರು ದೊಡ್ಡವರು ಎಂದು ತೂಗುವ ಆಸೆ ನನಗೂ ಇಲ್ಲ.

ಆದರೆ ಎರಡನೆಯ ಮತ್ತು ಮೂರನೆಯ ತಕರಾರುಗಳಿಗೆ 2014ರ ಸೋಚಿ ಕೂಟವೇ ಉತ್ತರ. ಅಲ್ಲಿ ಗೆಲ್ಲಲೇಬೇಕಾಗಿದ್ದ ನಾರ್ವೆಯ ಮಹಿಳಾ ರಿಲೇ ತಂಡ ಐದನೆಯ ಸ್ಥಾನಕ್ಕೆ ಕುಸಿಯಿತು. ಆ ದಿನ ನಾರ್ವೆಯ ಸ್ಕೀಗಳು ಓಡಲಿಲ್ಲವೆಂದು ಎಲ್ಲರೂ ಮಾತಾಡಿಕೊಂಡರು. ಅಂದರೆ ಅತಿ ಸಿರಿವಂತ ವ್ಯಾಕ್ಸ್ ತಂಡವೂ ಎಡವುತ್ತದೆ. ಸ್ಪ್ರಿಂಟ್‌ನಲ್ಲಿ ಬ್ಯೋರ್ಗೆನ್ ಸೆಮಿಫೈನಲ್‌ನಲ್ಲಿ ಬಿದ್ದು ಹೊರಬಿದ್ದರು. ಅಷ್ಟಾದರೂ ಸ್ಕಿಯಾಥ್ಲಾನ್‌ನಲ್ಲಿ ಸ್ವೀಡನ್ನಿನ ಷಾರ್ಲೊಟ್ ಕಲ್ಲಾ ಅವರನ್ನು ಹಿಂದಿಕ್ಕಿದರು, ಇಂಗ್ವಿಲ್ಡ್ ಓಸ್ಟ್‌ಬರ್ಗ್ ಜೊತೆಗೂಡಿ ತಂಡ ಸ್ಪ್ರಿಂಟ್ ಗೆದ್ದರು, ಕೊನೆಗೆ 30 ಕಿಲೋಮೀಟರ್ ಓಟದಲ್ಲಿ ಯೊಹಾಗ್ ಮತ್ತು ಕ್ರಿಸ್ಟಿನ್ ಸ್ಟೋರ್ಮರ್ ಸ್ಟೈರಾ ಅವರನ್ನು ಮೀರಿಸಿ ಮೊದಲಿಗರಾದರು. ಆ ಓಟದ ಮೂರೂ ಪದಕಗಳು ನಾರ್ವೆಗೇ ಹೋದವು. ಮೂವರ ಹಿಂದೆಯೂ ಇದ್ದದ್ದು ಒಂದೇ ವ್ಯಾಕ್ಸ್ ತಂಡ. ಹಾಗಿರುವಾಗ ಆ ಮೂವರ ನಡುವಿನ ಅಂತರಕ್ಕೆ ಸಿರಿವಂತಿಕೆಯೊಂದೇ ವಿವರಣೆಯಾಗುವುದಿಲ್ಲ. ತಂಡದೊಳಗೆ ಯೊಹಾಗ್ ಇದ್ದದ್ದರಿಂದ ಗೆಲುವು ಸುಲಭವಾಯಿತು ಎನ್ನುವುದಕ್ಕಿಂತ, ಜಗತ್ತಿನಲ್ಲಿ ತನ್ನನ್ನು ಸೋಲಿಸಬಲ್ಲ ಕೆಲವೇ ಕೆಲವರಲ್ಲಿ ಒಬ್ಬರ ಜೊತೆ ಅವರು ನಿತ್ಯವೂ ಅಭ್ಯಾಸ ಮಾಡಬೇಕಿತ್ತು ಎನ್ನುವುದೇ ಹೆಚ್ಚು ಸರಿ. 2011ರಲ್ಲಿ ಓಸ್ಲೋದ ಹೋಲ್ಮೆನ್‌ಕೊಲ್ಲೆನ್‌ನಲ್ಲಿ, ತವರಿನ ಜನಸಾಗರದ ಎದುರು, ಬ್ಯೋರ್ಗೆನ್ ನಾಲ್ಕು ಚಿನ್ನ ಗೆದ್ದಮೇಲೆ ಐದನೆಯದನ್ನು ತಪ್ಪಿಸಿದವರು ಇದೇ ಯೊಹಾಗ್.

ಇನ್ನು ನನ್ನ ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ವ್ಯಾಕ್ಸು, ಹಣ, ಜೊತೆಗಾರ್ತಿಯರು ಎಲ್ಲವೂ 2006ರಿಂದ 2009ರವರೆಗೂ ಇದ್ದವು. ಆಗ ಯಾಕೆ ಗೆಲ್ಲಲಿಲ್ಲ?

ಬೆಳಗಿನ ಓಟ:

ಇದಕ್ಕೆ ಉತ್ತರಿಸಲೆಂದೇ ಬರೆಯುತ್ತಿದ್ದೇನೆ. ದೂರದ ಓಟದ ತರಬೇತಿ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದನ್ನು ಓದುಗರು ಸಹಿಸಿಕೊಳ್ಳಬೇಕು.

ತುರಿನ್‌ನಲ್ಲಿ ಹೊಟ್ಟೆಯ ತೊಂದರೆ ಅವರನ್ನು ಕಾಡಿತ್ತು. ಆ ಒಂದು ಕೂಟದ ಸೋಲಿಗೆ ಅದು ತಕ್ಕಮಟ್ಟಿಗೆ ಕಾರಣ. ಅದರ ಮುಂದಿನ ಮೂರು ವರ್ಷಗಳಿಗೆ ಹೊಟ್ಟೆಯನ್ನು ದೂರುವಂತಿಲ್ಲ. ನಾರ್ವೆಯ ಕ್ರೀಡಾ ವಿಜ್ಞಾನಿಗಳು 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜಗತ್ತಿನ ಅತ್ಯಂತ ಯಶಸ್ವಿ ಮಹಿಳಾ ಕ್ರಾಸ್ ಕಂಟ್ರಿ ಸ್ಕೀ ಆಟಗಾರ್ತಿ ಹದಿನೇಳು ವರ್ಷಗಳ ಕಾಲ ದಿನದಿನವೂ ಬರೆದಿಟ್ಟ ತರಬೇತಿ ದಿನಚರಿಗಳ ವಿಶ್ಲೇಷಣೆ ಅದು. ಇಪ್ಪತ್ತನೆಯ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 520 ಗಂಟೆಯಿದ್ದ ತರಬೇತಿ ಮೂವತ್ತೈದರ ಹೊತ್ತಿಗೆ ಸುಮಾರು 940 ಗಂಟೆಗೆ ಏರಿದೆ. ಅತ್ಯುತ್ತಮ ಐದು ಋತುಗಳಲ್ಲಿ ವರ್ಷಕ್ಕೆ 540ರ ಆಸುಪಾಸಿನಷ್ಟು ಅಭ್ಯಾಸಗಳು ನಡೆದಿವೆ. ಅಂದರೆ ರಜೆ, ಪ್ರಯಾಣ, ಕಾಯಿಲೆಯ ದಿನಗಳನ್ನೂ ಸೇರಿಸಿಕೊಂಡು ಸರಾಸರಿ ದಿನಕ್ಕೆ ಒಂದೂವರೆ ಅಭ್ಯಾಸ.

ನನ್ನ ಶಿಷ್ಯರಿಗೆ ನಾನು ಪದೇ ಪದೇ ತೋರಿಸುವ ಅಂಕಿ ಇದಲ್ಲ, ಇನ್ನೊಂದು. ಆ ಉತ್ತಮ ವರ್ಷಗಳಲ್ಲಿ ಸಹನಶಕ್ತಿಗಾಗಿ ಮಾಡಿದ ತರಬೇತಿಯಲ್ಲಿ ನೂರಕ್ಕೆ ತೊಂಬತ್ತೆರಡು ಪಾಲು ಕಡಿಮೆ ತೀವ್ರತೆಯದು, ಪಕ್ಕದವರೊಡನೆ ಮಾತಾಡುತ್ತ ಮಾಡಬಹುದಾದಷ್ಟು ನಿಧಾನದ್ದು. ಉಸಿರು ಕಟ್ಟಿಸುವ ತೀವ್ರ ತರಬೇತಿ ಬರೀ ನೂರಕ್ಕೆ ಐದರಷ್ಟು. ಇಪ್ಪತ್ತರ ಹರೆಯದ ಮಧ್ಯಭಾಗದಲ್ಲಿ ತೀವ್ರ ತರಬೇತಿಯ ಪಾಲು ಇದಕ್ಕಿಂತ ಹೆಚ್ಚಾಗಿತ್ತು, ಅದನ್ನು ಕೆಲವು ವಾರಗಳಲ್ಲಿ ಒತ್ತೊತ್ತಾಗಿ ತುಂಬುವ ಕ್ರಮವೂ ಇತ್ತು. ಆಮೇಲೆ ಆ ಪಾಲು ತಗ್ಗಿತು, ಒಟ್ಟು ಗಂಟೆಗಳು ಏರಿದವು, ಭಾರವನ್ನು ವರ್ಷದುದ್ದಕ್ಕೂ ಸಮನಾಗಿ ಹರಡಲಾಯಿತು.

ಹೊರಗಿನಿಂದ ನೋಡುವವರಿಗೆ ಬ್ಯೋರ್ಗೆನ್ ಎಂದರೆ ಆ ಬಲಿಷ್ಠ ತೋಳುಗಳು, ಎರಡೂ ಕೋಲುಗಳನ್ನು ಒಟ್ಟಿಗೆ ಊರಿ ದೇಹವನ್ನೇ ಮುಂದಕ್ಕೆ ಎಸೆಯುವ ಆ ಶಕ್ತಿ. ಆದ್ದರಿಂದ ಇನ್ನಷ್ಟು ಭಾರ ಎತ್ತಿದ್ದರಿಂದ, ಇನ್ನಷ್ಟು ಕಠಿಣವಾಗಿ ಓಡಿದ್ದರಿಂದ ಅವರು ಮರಳಿ ಗೆದ್ದರು ಎಂದು ಊಹಿಸುವುದು ಸಹಜ. ದಿನಚರಿ ಹೇಳುವುದು ಅದಕ್ಕೆ ವಿರುದ್ಧವಾದುದನ್ನು. ಸೋಲುತ್ತಿರುವಾಗ ತರಬೇತಿಯ ತೀವ್ರತೆಯನ್ನು ಇಳಿಸಿ, ನಿಧಾನದ ಗಂಟೆಗಳನ್ನು ಹೆಚ್ಚಿಸುವುದಕ್ಕೆ ಎಂಥ ಧೈರ್ಯ ಬೇಕೆಂಬುದು ತರಬೇತುದಾರರಿಗೆ ಗೊತ್ತು. ಸೋತ ಆಟಗಾರರಿಗೆ ನಾಳೆ ಬೆಳಿಗ್ಗೆಯೇ ತಮ್ಮನ್ನು ತಾವು ದಂಡಿಸಿಕೊಳ್ಳುವ ಆತುರವಿರುತ್ತದೆ. ನಿಧಾನದ ತರಬೇತಿಯ ಫಲ ಒಂದು ತಿಂಗಳಲ್ಲಿ ಕಾಣುವುದಿಲ್ಲ, ಕೆಲವೊಮ್ಮೆ ಒಂದು ವರ್ಷದಲ್ಲೂ ಕಾಣುವುದಿಲ್ಲ.

ಕೂತು ನೋಡುವವ:

ಬಹಳ ಉಪಯುಕ್ತ ವಿವರಣೆ, ಮೇಡಂ. ಆದರೆ 2010ರ ಯಶಸ್ಸಿನ ಬಗ್ಗೆ ಮಾತಾಡುವಾಗ ಎಲ್ಲರೂ ತರಬೇತಿಯನ್ನಷ್ಟೇ ಹೇಳಿ ಒಂದು ವಿಷಯವನ್ನು ಜಾರಿಸಿಬಿಡುತ್ತಿದ್ದೀರಿ ಎನ್ನಿಸುತ್ತದೆ. ಆಸ್ತಮಾ ಔಷಧಿಯ ವಿವಾದ ಎಂದು ಕೇಳಿದ್ದೇನೆ. ಅದೇನು?

ಅಂಕಿಗಾರ:

ಆ ಪ್ರಶ್ನೆ ಬರಲೆಂದೇ ನಾನು ಕಾಯುತ್ತಿದ್ದೆ, ಏಕೆಂದರೆ ಅಭಿಮಾನಿಗಳು ಅದನ್ನು ತಾವಾಗಿ ಎತ್ತುವುದಿಲ್ಲ. ಬ್ಯೋರ್ಗೆನ್ ಅವರಿಗೆ ಆಸ್ತಮಾ ಇದೆ. 2010ರ ಋತುವಿಗೆ ಮೊದಲು ಅವರಿಗೆ ಹೆಚ್ಚು ಬಲದ ಉಸಿರಾಟದ ಔಷಧಿಯೊಂದನ್ನು ಬಳಸಲು ವೈದ್ಯಕೀಯ ವಿನಾಯಿತಿ ಸಿಕ್ಕಿತ್ತು. ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅವರು ಐದು ಪದಕ ಗೆದ್ದಾಗ ಪೋಲೆಂಡ್‌ನ ಯುಸ್ಟೀನಾ ಕೊವಾಲ್ಚಿಕ್ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಕೊವಾಲ್ಚಿಕ್ ಸೋತ ಹೊಟ್ಟೆಕಿಚ್ಚಿನಿಂದ ಹಾಗೆ ಮಾತಾಡಿದರು ಎಂದು ತಳ್ಳಿಹಾಕಲಾಗದು. ಆ ಕೂಟದ ಕೊನೆಯ 30 ಕಿಲೋಮೀಟರ್ ಓಟದಲ್ಲಿ ಬ್ಯೋರ್ಗೆನ್ ಅವರನ್ನು ಕೇವಲ 0.3 ಸೆಕೆಂಡಿನಿಂದ ಸೋಲಿಸಿ ಚಿನ್ನ ಗೆದ್ದವರು ಅವರೇ.

ಮುಂದೆ 2016ರಲ್ಲಿ ಇದೇ ನಾರ್ವೆ ತಂಡದ ಮಾರ್ಟಿನ್ ಯೊನ್ಸ್‌ರುಡ್ ಸುಂಡ್‌ಬಿ ಆಸ್ತಮಾ ಔಷಧಿಯನ್ನು ನಿಯಮ ಮೀರಿದ ಪ್ರಮಾಣದಲ್ಲಿ ತೆಗೆದುಕೊಂಡ ಕಾರಣ ಎರಡು ತಿಂಗಳ ನಿಷೇಧಕ್ಕೆ ಒಳಗಾಗಿ, ಒಂದು ವಿಶ್ವಕಪ್ ಪ್ರಶಸ್ತಿಯನ್ನೂ ಹಲವು ಹಂತಗಳ ಓಟವಾದ ಟೂರ್ ದೆ ಸ್ಕೀಯ ಒಂದು ಗೆಲುವನ್ನೂ ಕಳೆದುಕೊಂಡರು. ಅದೇ ವರ್ಷ ಯೊಹಾಗ್ ಅವರ ದೇಹದಲ್ಲಿ ತುಟಿಯ ಮುಲಾಮಿನಿಂದ ಸೇರಿದ ನಿಷೇಧಿತ ಸ್ಟೆರಾಯ್ಡ್ ಪತ್ತೆಯಾಗಿ ಅವರಿಗೆ ಒಟ್ಟು 18 ತಿಂಗಳ ನಿಷೇಧ ಬಿತ್ತು. ಮುಲಾಮು ಕೊಟ್ಟವರು ತಂಡದ ವೈದ್ಯರೇ. ಇಂಥ ತಂಡದ ಬಗ್ಗೆ ಪ್ರಶ್ನೆ ಕೇಳುವುದು ಅಸೂಯೆಯಾಗುವುದಿಲ್ಲ.

ಹಿಮದ ಹಾದಿ:

ಪ್ರಶ್ನೆ ಕೇಳುವುದು ತಪ್ಪಲ್ಲ, ಅಂಕಿಗಾರರೇ. ಇಲ್ಲಿನ ಪತ್ರಿಕೆಗಳೂ ಆ ಪ್ರಶ್ನೆಗಳನ್ನು ಕೇಳಿವೆ, ಅದೂ ಸಾಕಷ್ಟು ಬಿರುಸಾಗಿಯೇ. ಆದರೆ ಮೂರು ಪ್ರಕರಣಗಳನ್ನು ಒಂದೇ ಗಂಟಿಗೆ ಕಟ್ಟಿದ್ದು ಸರಿಯಲ್ಲ. ಬ್ಯೋರ್ಗೆನ್ ಅವರ ಮೇಲೆ ಉದ್ದೀಪನ ಮದ್ದಿನ ನಿಯಮ ಮೀರಿದ ಒಂದು ಪ್ರಕರಣವೂ ದಾಖಲಾಗಿಲ್ಲ. ಅವರು ಬಳಸಿದ್ದಕ್ಕೆ ವಿನಾಯಿತಿ ಇತ್ತು, ವಿನಾಯಿತಿ ಇರುವುದು ಗುಟ್ಟಾಗಿಯೂ ಇರಲಿಲ್ಲ. ಇನ್ನೊಂದು ವೈದ್ಯಕೀಯ ಸಂಗತಿಯೂ ಇದೆ: ಕೊರೆಯುವ ಒಣ ಗಾಳಿಯನ್ನು ವರ್ಷಗಟ್ಟಲೆ ಬಿರುಸಾಗಿ ಎಳೆದುಕೊಳ್ಳುವ ಸ್ಕೀ ಆಟಗಾರರಲ್ಲಿ ಶ್ವಾಸನಾಳದ ತೊಂದರೆ ಸಾಮಾನ್ಯ ಜನರಿಗಿಂತ ಹೆಚ್ಚು ಎಂಬುದು ಬಹಳ ಹಿಂದಿನಿಂದ ತಿಳಿದದ್ದು. ಅದು ನಾರ್ವೆಯವರಿಗೆ ಮಾತ್ರ ಬರುವ ಕಾಯಿಲೆಯಲ್ಲ.

ಆದರೂ ಆ ಪದ್ಧತಿಯ ಬಗ್ಗೆ ನನಗೂ ಅಸಮಾಧಾನವಿದೆ. ಸೌಮ್ಯ ಆಸ್ತಮಾ ಇರುವ ಆಟಗಾರರಿಗೆ ಔಷಧಿ ಕೊಡುವುದು ಚಿಕಿತ್ಸೆ. ಆಸ್ತಮಾ ಇಲ್ಲದವರಿಗೂ ಮುನ್ನೆಚ್ಚರಿಕೆಯೆಂದು ಕೊಡುವುದು ಬೇರೆಯೇ ವಿಷಯ. ಆ ಎರಡನೆಯದು ನಡೆಯಿತೆಂಬ ಆರೋಪ ತಂಡದ ಮೇಲೆ ಬಂದಿತ್ತು. ಸುಂಡ್‌ಬಿ ಪ್ರಕರಣದ ನಂತರ ನಾರ್ವೆಯ ಸ್ಕೀ ಒಕ್ಕೂಟ ತನ್ನ ಕ್ರಮಗಳನ್ನು ಪರಿಶೀಲನೆಗೆ ಒಡ್ಡಬೇಕಾಯಿತು.

ಬೆಳಗಿನ ಓಟ:

ಔಷಧಿಯ ಚರ್ಚೆಗೆ ನಾನು ಒಂದನ್ನೇ ಸೇರಿಸುತ್ತೇನೆ. ಒಂದು ಉಸಿರಾಟದ ಔಷಧಿ ಎಂಟು ವರ್ಷಗಳ 22 ಚಿನ್ನಗಳನ್ನು ವಿವರಿಸಬೇಕಾದರೆ, ಅದೇ ಬಗೆಯ ಔಷಧಿಗಳಿಗೆ ವಿಶೇಷ ವಿನಾಯಿತಿಯೇ ಬೇಡವೆಂದು ನಿಯಮ ಸಡಿಲವಾದ ಮೇಲೆ ಉಳಿದವರೂ ಅವರ ಜೊತೆಗೆ ಮೇಲೇರಬೇಕಿತ್ತು. ಹಾಗಾಗಲಿಲ್ಲ. ಇದನ್ನು ನಾನು ಪುರಾವೆ ಎನ್ನುವುದಿಲ್ಲ. ಆದರೆ ಔಷಧಿಯೊಂದೇ ಕಾರಣ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಮಂಜು ಮುಸುಕು:

ಇಷ್ಟು ಹೊತ್ತಾದರೂ ಅವರ ಬದುಕಿನ ಒಂದು ದೊಡ್ಡ ತಿರುವನ್ನು ಯಾರೂ ಮುಟ್ಟಲಿಲ್ಲ. 2015ರಲ್ಲಿ ಅವರು ಟೂರ್ ದೆ ಸ್ಕೀಯನ್ನೂ ವಿಶ್ವಕಪ್‌ನ ಸಮಗ್ರ ಪ್ರಶಸ್ತಿಯನ್ನೂ ಗೆದ್ದು, ಫಾಲುನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪ್ರಿಂಟ್ ಮತ್ತು ರಿಲೇ ಚಿನ್ನ ಪಡೆದರು. ಆಗ ಅವರ ವಯಸ್ಸು 35ರ ಹತ್ತಿರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಮಗ ಹುಟ್ಟಿದ. ಅವರ ಸಂಗಾತಿ ಫ್ರೆಡ್ ಬೋರೆ ಲುಂಡ್‌ಬರ್ಗ್ ಕೂಡ ಒಲಿಂಪಿಕ್ ಚಾಂಪಿಯನ್. 1994ರ ಲಿಲ್ಲೆಹಾಮ್ಮರ್‌ನಲ್ಲಿ ಸ್ಕೀ ಜಿಗಿತವೂ ಕ್ರಾಸ್ ಕಂಟ್ರಿ ಓಟವೂ ಸೇರಿದ ನಾರ್ಡಿಕ್ ಕಂಬೈನ್ಡ್ ಸ್ಪರ್ಧೆಯ ಚಿನ್ನ ಗೆದ್ದವರು. 35 ದಾಟಿದ, ಬೇಕಾದ್ದನ್ನೆಲ್ಲ ಗೆದ್ದುಮುಗಿಸಿದ, ಮಗುವಿನ ತಾಯಿಯಾದ ಆಟಗಾರ್ತಿ ಮನೆಯಲ್ಲೇ ಉಳಿದಿದ್ದರೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಒಂದು ಋತುವನ್ನು ಪೂರ್ತಿ ಬಿಟ್ಟ ಅವರು ಮರುವರ್ಷ ವಿಶ್ವಕಪ್‌ಗೆ ಮರಳಿದರು. 2017ರಲ್ಲಿ ಫಿನ್ಲೆಂಡಿನ ಲಾಹ್ತಿಯಲ್ಲಿ, 37 ತುಂಬಲು ಕೆಲವೇ ವಾರಗಳಿದ್ದಾಗ, ಸ್ಕಿಯಾಥ್ಲಾನ್, 10 ಕಿಲೋಮೀಟರ್ ಕ್ಲಾಸಿಕ್, ರಿಲೇ, 30 ಕಿಲೋಮೀಟರ್ ಎಂದು ನಾಲ್ಕು ಚಿನ್ನ ಗೆದ್ದರು. ನಮ್ಮಲ್ಲಿ ಮದುವೆಯಾಯಿತೆಂದರೆ ಹುಡುಗಿಯರ ಸ್ಪೈಕ್ಸ್ ಅಟ್ಟ ಸೇರುತ್ತವೆ. ನನ್ನ ಜೊತೆ ವಿಶ್ವವಿದ್ಯಾಲಯದ ತಂಡದಲ್ಲಿ ಓಡಿದವರಲ್ಲಿ ತಾಯಿಯಾದ ಮೇಲೆ ಟ್ರ್ಯಾಕಿಗೆ ಮರಳಿದವರು ಯಾರೂ ಇಲ್ಲ. ಬ್ಯೋರ್ಗೆನ್ ಅವರ ಮನೋಬಲವನ್ನು ಹೊಗಳುವಾಗ, ಅವರು ಬಿಟ್ಟುಹೋದ ಜಾಗವನ್ನು ತಂಡ ಹಾಗೆಯೇ ಉಳಿಸಿಕೊಂಡಿತ್ತು, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಸಂಗಾತಿಗೆ ಶಿಬಿರ ಎಂದರೇನೆಂದು ವಿವರಿಸಿ ಹೇಳಬೇಕಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೆಳಗಿನ ಓಟ:

ಮಂಜು ಮುಸುಕು ಅವರ ಮಾತಿಗೆ ಪೂರಕವಾಗಿ: ಗರ್ಭಧಾರಣೆಯ ಮುಂಚಿನ, ಗರ್ಭಿಣಿಯಾಗಿದ್ದಾಗಿನ ಮತ್ತು ಹೆರಿಗೆಯ ನಂತರದ ತರಬೇತಿಯ ಬಗ್ಗೆಯೂ ಅದೇ ಸಂಶೋಧಕರ ಒಂದು ಪ್ರಬಂಧವಿದೆ. ಗರ್ಭಿಣಿಯಾಗಿದ್ದಾಗಲೂ ಅಭ್ಯಾಸ ಪೂರ್ತಿ ನಿಲ್ಲಲಿಲ್ಲ. ಪ್ರಮಾಣವೂ ತೀವ್ರತೆಯೂ ಇಳಿದವು. ಹೆರಿಗೆಯ ನಂತರ ಏರಿಸಿದ್ದು ಹಂತ ಹಂತವಾಗಿ. ನಿಧಾನದ ತರಬೇತಿಯ ಮೇಲೆ ಕಟ್ಟಿದ ದೇಹಕ್ಕೆ ಇದೂ ಹೊಸ ಪಾಠವೇನಲ್ಲ ಎಂದು ನನಗೆ ತೋರುತ್ತದೆ. ಆದರೆ ಇದನ್ನು ಓದಿ ಯಾರೂ ವೈದ್ಯರನ್ನು ಕೇಳದೆ ಅನುಕರಿಸಲು ಹೋಗಬಾರದು. ಇದು ಒಬ್ಬರ ದೇಹದ ದಾಖಲೆ ಅಷ್ಟೇ.

ಅಂಕಿಗಾರ:

2018ರ ಬಗ್ಗೆ ನಾನೇ ಬರೆಯುತ್ತೇನೆ, ಏಕೆಂದರೆ ಟೀಕಾಕಾರನಾದ ನನಗೂ ಅವರ ಕೊನೆಯ ಓಟ ಬಹಳ ಇಷ್ಟ. ಪ್ಯೋಂಗ್‌ಚಾಂಗ್‌ನಲ್ಲಿ ಅವರಿಗೆ ಸಿಕ್ಕ ಐದು ಪದಕಗಳಲ್ಲಿ ಮೊದಲನೆಯದು ಸ್ಕಿಯಾಥ್ಲಾನ್ ಬೆಳ್ಳಿ. ಕಲ್ಲಾ ಅವರನ್ನು ಸೋಲಿಸಿದರು. 10 ಕಿಲೋಮೀಟರ್‌ನಲ್ಲಿ ಫಿನ್ಲೆಂಡಿನ ಕ್ರಿಸ್ಟಾ ಪಾರ್ಮಾಕೊಸ್ಕಿ ಅವರೂ ಬ್ಯೋರ್ಗೆನ್ ಅವರೂ ಒಂದೇ ಸಮಯಕ್ಕೆ ಮುಗಿಸಿ ಕಂಚನ್ನು ಹಂಚಿಕೊಂಡರು. ರಿಲೇಯ ಕೊನೆಯ ಸರದಿಯಲ್ಲಿ, ಸ್ಪ್ರಿಂಟ್ ಚಿನ್ನ ಆಗಷ್ಟೇ ಗೆದ್ದಿದ್ದ ಸ್ವೀಡನ್ನಿನ ಸ್ಟೀನಾ ನಿಲ್ಸನ್ ಬೆನ್ನಿಗಂಟಿಕೊಂಡಿದ್ದರೂ, ತನಗಿಂತ ಹದಿಮೂರು ವರ್ಷ ಚಿಕ್ಕವರಾದ ಅವರನ್ನು ಕೊನೆಯ ಏರಿನಿಂದಾಚೆಗೆ ಬಿಟ್ಟುಹೋದರು. ಈ ಚಿನ್ನದೊಂದಿಗೆ, ಸ್ಕೀ ಓಟದ ಜೊತೆ ಬಂದೂಕಿನಿಂದ ಗುರಿ ಹೊಡೆಯುವ ಬಯಾಥ್ಲಾನ್‌ನ ಉಲೆ ಐನಾರ್ ಬ್ಯೋರ್ನ್‌ಡಾಲೆನ್ ಅವರ 13 ಪದಕಗಳ ದಾಖಲೆ ಸಮವಾಯಿತು, ತಂಡ ಸ್ಪ್ರಿಂಟ್ ಕಂಚಿನೊಂದಿಗೆ ಅದನ್ನು ದಾಟಿದರು.

ಕೊನೆಯ ದಿನ, ಫೆಬ್ರುವರಿ 25ರಂದು, 30 ಕಿಲೋಮೀಟರ್ ಕ್ಲಾಸಿಕ್ ಓಟ. ಎಂಟು ವರ್ಷಗಳ ಹಿಂದೆ 0.3 ಸೆಕೆಂಡಿನಿಂದ ಚಿನ್ನ ಕೈತಪ್ಪಿದ್ದ ಅದೇ ದೂರ, ಅದೇ ಶೈಲಿ. ಈ ಸಲ ಅವರು ಯಾರನ್ನೂ ಕೊನೆಯ ನೂರು ಮೀಟರಿನವರೆಗೆ ಜೊತೆಗೆ ಕರೆದೊಯ್ಯಲಿಲ್ಲ. ಎರಡನೆಯವರಾದ ಪಾರ್ಮಾಕೊಸ್ಕಿಗಿಂತ ಒಂದು ನಿಮಿಷ 49.5 ಸೆಕೆಂಡು ಮುಂದಾಗಿ ಗೆರೆ ದಾಟಿದರು. ಆ ಒಂದು ಚಿನ್ನದಿಂದ ನಾರ್ವೆಯ ಚಿನ್ನಗಳು 14 ಆಗಿ ಜರ್ಮನಿಗೆ ಸಮನಾದವು, ಬೆಳ್ಳಿಗಳು ಹೆಚ್ಚಿದ್ದರಿಂದ ನಾರ್ವೆ ಪಟ್ಟಿಯ ಮೇಲಕ್ಕೆ ಹೋಯಿತು. ಒಟ್ಟು 39 ಪದಕಗಳು. ಡ್ಯಾಲಿಯ ಎಂಟು ಚಿನ್ನವೂ ಸಮವಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ನಿವೃತ್ತಿ ಘೋಷಿಸಿದರು. ವೈಯಕ್ತಿಕ ಚಿನ್ನದಲ್ಲಿ ಡ್ಯಾಲಿಯೇ ಮುಂದು ಎಂಬ ನನ್ನ ನಿಲುವು ಬದಲಾಗಿಲ್ಲ.

ದೂರದಾರಿ:

ಅಂಕಿಗಾರರೇ, ನಿಮ್ಮ ಬರಹದಲ್ಲಿ ಕಲ್ಲಾ ಅವರನ್ನು ಸೋಲಿಸಿದರು ಎಂಬ ಸಾಲಿಗೆ ತಿದ್ದುಪಡಿ ಬೇಕು: ಪ್ಯೋಂಗ್‌ಚಾಂಗ್ ಸ್ಕಿಯಾಥ್ಲಾನ್‌ನಲ್ಲಿ ಗೆದ್ದವರು ಕಲ್ಲಾ, ಬ್ಯೋರ್ಗೆನ್ ಕಲ್ಲಾ ಅವರ ಹಿಂದೆ ಎರಡನೆಯವರಾದರು. ಉಳಿದದ್ದೆಲ್ಲ ಸರಿ. ನಿಮ್ಮ ಲೇಖನಿಯಿಂದ ಇಂಥ ವರ್ಣನೆ ಬಂದದ್ದು ನನಗೆ ನಿಜಕ್ಕೂ ಸಂತೋಷ.

ಮಂಜು ಮುಸುಕು:

ಇದನ್ನೆಲ್ಲ ಓದುವಾಗ ನನ್ನ ಜಿಲ್ಲೆಯವರೇ ಆದ ಭವಾನಿ ತೆಕ್ಕಡ ನಂಜುಂಡ ಅವರ ನೆನಪಾಯಿತು. ಹಿಮವೇ ಬೀಳದ ಕೊಡಗಿನಿಂದ ಹೋಗಿ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸುತ್ತಿದ್ದಾರೆ, ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದಿದ್ದಾರೆ. ಹಿಮವಿಲ್ಲದ ತಿಂಗಳುಗಳಲ್ಲಿ ಇವರೆಲ್ಲ ಹೇಗೆ ಅಭ್ಯಾಸ ಮಾಡುತ್ತಾರೆ ಎಂಬುದನ್ನು ತಿಳಿದವರು ಹೇಳಬಹುದೇ?

ಹಿಮದ ಹಾದಿ:

ನಾರ್ವೆಯಲ್ಲೂ ವರ್ಷವಿಡೀ ಎಲ್ಲೆಡೆ ಹಿಮ ಇರುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಡಾಂಬರು ರಸ್ತೆಗಳಲ್ಲಿ ಚಕ್ರದ ಸ್ಕೀ ಹಾಕಿಕೊಂಡು ಹೋಗುವವರನ್ನು ದಿನವೂ ಕಾಣುತ್ತೇನೆ. ಕೋಲಿನ ತುದಿಯ ಲೋಹ ಡಾಂಬರಿಗೆ ಬಡಿಯುವ ಸದ್ದು ದೂರದಿಂದಲೇ ಕೇಳಿಸುತ್ತದೆ. ಅದರ ಜೊತೆಗೆ ಜೌಗು ನೆಲದ ಮೇಲೆ, ಕಾಡಿನ ಏರುಗಳಲ್ಲಿ ಓಟ, ಕೋಲು ಹಿಡಿದು ಬೆಟ್ಟ ಹತ್ತುವ ಅಭ್ಯಾಸ ಇರುತ್ತದೆ. ರಾಷ್ಟ್ರೀಯ ತಂಡದವರು ಹಿಮಕ್ಕಾಗಿ ಆಲ್ಪ್ಸ್‌ನ ಎತ್ತರದ ಹಿಮನದಿಗಳಿಗೂ ಹೋಗುತ್ತಾರೆ. ಚಕ್ರದ ಸ್ಕೀಗೆ ಒಳ್ಳೆಯ ರಸ್ತೆ ಸಾಕು, ಹಾಗಾಗಿ ಕೊಡಗಿನ ಏರು ರಸ್ತೆಗಳೂ ಆದೀತು. ಎದುರಿಗೆ ಬರುವ ಬಸ್ಸುಗಳ ಬಗ್ಗೆ ಮಾತ್ರ ನಾನು ಭರವಸೆ ಕೊಡಲಾರೆ.

ಕೂತು ನೋಡುವವ:

ಕೊನೆಯದಾಗಿ ಒಂದು ಪ್ರಶ್ನೆ. ಬ್ಯೋರ್ಗೆನ್ ಅವರ ಕಾಲದಲ್ಲಿ ಗಂಡಸರು 50 ಕಿಲೋಮೀಟರ್ ಓಡುತ್ತಿದ್ದಾಗ ಹೆಂಗಸರಿಗೆ ಯಾಕೆ 30 ಇತ್ತು? ಅವರಂಥವರಿಗೆ 50 ಓಡಲಾಗುತ್ತಿರಲಿಲ್ಲವೇ?

ದೂರದಾರಿ:

ಓಡಲಾಗುತ್ತಿತ್ತು, ಓಡುವ ಅವಕಾಶವಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಕ್ರಾಸ್ ಕಂಟ್ರಿ ಸ್ಪರ್ಧೆ ಸಿಕ್ಕಿದ್ದೇ 1952ರ ಓಸ್ಲೋ ಕೂಟದಲ್ಲಿ, ಅದೂ 10 ಕಿಲೋಮೀಟರಿನ ಒಂದೇ ಒಂದು ಓಟ. ಗಂಡಸರು 1924ರಿಂದಲೇ 50 ಕಿಲೋಮೀಟರ್ ಓಡುತ್ತಿದ್ದರು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ವಿಶ್ವಕಪ್‌ನಲ್ಲಿ ಇಬ್ಬರಿಗೂ ಸಮಾನ ದೂರ ನಿಗದಿಪಡಿಸಿದ್ದು 2022–23ರ ಋತುವಿನಿಂದ. ಹೋಲ್ಮೆನ್‌ಕೊಲ್ಲೆನ್‌ನಲ್ಲಿ ಮಹಿಳೆಯರು 50 ಕಿಲೋಮೀಟರ್ ವಿಶ್ವಕಪ್ ಓಟ ಓಡಿದ್ದು 2023ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಬ್ಯೋರ್ಗೆನ್ ನಿವೃತ್ತರಾಗಿ ಐದು ವರ್ಷಗಳಾಗುತ್ತ ಬಂದಿದ್ದವು. ಎರಡನೆಯ ಮಗನೂ ಹುಟ್ಟಿದ ಮೇಲೆ, 2020ರಲ್ಲಿ, ಅವರು ದೀರ್ಘದೂರದ ಓಟಗಳ ತಂಡವೊಂದನ್ನು ಸೇರಿಕೊಂಡರು. ಅಲ್ಲಿನ ಓಟಗಳಲ್ಲಿ ಗಂಡಸರಿಗೂ ಹೆಂಗಸರಿಗೂ ದೂರ ಒಂದೇ, 90 ಕಿಲೋಮೀಟರಿನ ಸ್ವೀಡನ್ನಿನ ವಾಸಾಲೋಪೆಟ್ ಅದರಲ್ಲಿ ಹೆಸರುವಾಸಿ. ಪದಕಗಳ ಪಟ್ಟಿಯಲ್ಲಿ ಆ ಓಟಗಳು ಎಲ್ಲೂ ಕಾಣಿಸುವುದಿಲ್ಲ.